ವಸಂತದ ಕೊನೇಲಿ ಅರಳೋ ಹೂಗಳು: ಪಿಯೋನಿನಾ, ಐರಿಸ್ಸಾ, ಗುಲಾಬಿನಾ, ನಿಮ್ಮ ತೋಟಕ್ಕೆ ಯಾವ್ದು?

ವಸಂತ ಮುಗೀತಾ ಬರೋ ಹೊತ್ತಿಗೆ, ಅಂದ್ರೆ ಉತ್ತರ ಗೋಳಾರ್ಧದಲ್ಲಿ ಮೇ ಸುಮಾರಿಗೆ, ದಕ್ಷಿಣದಲ್ಲಾದ್ರೆ ನವೆಂಬರ್ ಸುಮಾರಿಗೆ, ಟ್ಯೂಲಿಪ್ ಡ್ಯಾಫೊಡಿಲ್ ಎಲ್ಲ ಮುಗಿದು ಬೇಸಿಗೆ ಹೂಗಳು ಇನ್ನೂ ಶುರುವಾಗದೇ ಇರೋ ಮೂರ್ನಾಲ್ಕು ವಾರ ಇದ್ಯಲ್ಲ, ಆಗ ತೋಟ ನೋಡೋಕೆ ಎರಡು ಕಣ್ಣು ಸಾಲಲ್ಲ. ಪಿಯೋನಿ, ಐರಿಸ್, ಪಾಪಿ, ಫಾಕ್ಸ್‌ಗ್ಲವ್, ಕ್ಲೆಮಟಿಸ್, ಗುಲಾಬಿಯ ಮೊದಲ ಸುತ್ತು, ಎಲ್ಲ ಒಟ್ಟಿಗೆ ನುಗ್ಗತ್ತೆ. ನಾವು ಯಾರದೋ ತೋಟದಲ್ಲಿ ಅದನ್ನ ನೋಡ್ತೀವಿ, ಫೋಟೋ ತಗೋತೀವಿ, ಅದೇ ವಾರ ಹೋಗಿ ಹೂ ಬಿಟ್ಟಿರೋ ಗಿಡಾನೇ ತಂದು ನೆಟ್ಟುಬಿಡ್ತೀವಿ. ಮುಂದಿನ ವರ್ಷ ಬರೀ ಎಲೆ, ಇಲ್ಲಾ ಅಂದ್ರೆ ಖಾಲಿ ಜಾಗ.

ನಾನು ಇಷ್ಟು ವರ್ಷದಲ್ಲಿ ಕಲ್ತಿದ್ದು ಒಂದೇ: ಹೂ ನೋಡಿ ಗಿಡ ಆರಿಸ್ಬೇಡಿ, ಹೂ ಉದುರಿದ ಮೇಲೆ ಆ ಗಿಡ ಹೇಗಿರತ್ತೆ ಅನ್ನೋದನ್ನ ನೋಡಿ ಆರಿಸಿ. ಯಾಕಂದ್ರೆ ಇವುಗಳಲ್ಲಿ ತುಂಬಾ ಗಿಡಗಳು ಹೂ ಕೊಡೋದು ಹತ್ತು ದಿನ, ಹೆಚ್ಚಂದ್ರೆ ಮೂರು ವಾರ. ಉಳಿದ ಹನ್ನೊಂದು ತಿಂಗಳೂ ಆ ಗಿಡ ನಿಮ್ಮ ಮಡೀಲಿ ಕೂತಿರತ್ತೆ, ನೀರು ಕೇಳತ್ತೆ, ಜಾಗ ತಿನ್ನತ್ತೆ. ಆ ಹನ್ನೊಂದು ತಿಂಗಳು ನಿಮ್ಗೆ ಒಪ್ಪಿಗೆ ಇದ್ರೆ ಮಾತ್ರ ಆ ಹತ್ತು ದಿನಕ್ಕೆ ಅರ್ಥ.

ಅದಕ್ಕೂ ಮುಂಚೆ ಒಂದು ಪ್ರಶ್ನೆ, ಇದನ್ನ ಯಾರೂ ಕೇಳ್ಕೊಳ್ಳಲ್ಲ. ನಿಮ್ಮ ಊರಲ್ಲಿ ನಿಜವಾದ ಚಳಿ ಬೀಳತ್ತಾ? ಸ್ವೆಟರ್ ಹಾಕ್ಕೊಳ್ಳೋ ಚಳಿ ಅಲ್ಲ, ರಾತ್ರಿ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಕೆಲವು ವಾರ ಇರೋ ಚಳಿ. ಪಿಯೋನಿಯಂಥ ಗಿಡಕ್ಕೆ ಆ ಚಳಿ ಸಿಕ್ಕಿದ್ರೇನೇ ಒಳಗಿರೋ ಮೊಗ್ಗು ನಿದ್ದೆಯಿಂದ ಏಳೋದು. ಅದು ಸಿಗದೇ ಇದ್ರೆ ನೀವು ಎಷ್ಟೇ ಗೊಬ್ಬರ ಹಾಕಿ, ಎಷ್ಟೇ ಪ್ರೀತಿಯಿಂದ ನೋಡ್ಕೊಳ್ಳಿ, ಹೂ ಬರಲ್ಲ, ನಿಧಾನಕ್ಕೆ ಗಿಡಾನೇ ಸೊರಗತ್ತೆ. ಚಳಿ ಬೀಳದ ಊರಿನವ್ರು ದಯವಿಟ್ಟು ನೇರ ಕೆಳಗಿರೋ 'ಚಳಿ ಬೀಳದ ಊರಿನವ್ರಿಗೆ' ಅನ್ನೋ ಭಾಗಕ್ಕೆ ಹೋಗಿ, ನಿಮ್ಗೆ ಬೇರೆ ಒಳ್ಳೇ ಆಯ್ಕೆಗಳಿವೆ, ಸಿಗದೇ ಇರೋದರ ಹಿಂದೆ ವರ್ಷಗಟ್ಟಲೆ ಓಡಬೇಕಾಗಿಲ್ಲ.

ಪಿಯೋನಿ vs ಐರಿಸ್

ಹೆಚ್ಚಿನವರ ಗೊಂದಲ ಇರೋದೇ ಇಲ್ಲಿ, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಎರಡೂ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಅರಳತ್ತೆ, ಗಡ್ಡದ ಐರಿಸ್ (ಎಸಳ ಮೇಲೆ ಗಡ್ಡದ ಥರ ಕೂದಲಿರೋ ಜಾತಿ) ಸಾಮಾನ್ಯವಾಗಿ ಸ್ವಲ್ಪ ಮುಂಚೆ, ಪಿಯೋನಿ ಅದರ ಹಿಂದೇನೇ. ಎರಡಕ್ಕೂ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಎರಡೂ ಒಂದ್ಸಲ ನೆಟ್ರೆ ವರ್ಷಾ ವರ್ಷಾ ಬರತ್ತೆ. ಆದ್ರೆ ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧಾನೇ ಇಲ್ಲ.

ಪಿಯೋನಿ ನೆಲದಲ್ಲಿ ಕೂತ್ರೆ ಕೂತ ಹಾಗೇ. 50 ವರ್ಷ, ಕೆಲವು ಕಡೆ ಅದಕ್ಕಿಂತ ಹೆಚ್ಚು, ಒಂದೇ ಜಾಗದಲ್ಲಿ ಹೂ ಬಿಡೋ ಗಿಡ ಇದು. ಮನೆ ಕೈ ಬದಲಾಗಿದ್ರೂ ಗಿಡ ಅಲ್ಲೇ ಇರತ್ತೆ. ಅದಕ್ಕೆ ಬದಲಾಗಿ ಅದು ಕೇಳೋದು ತಾಳ್ಮೆ, ನೆಟ್ಟ ಮೊದಲ ವರ್ಷ ಏನೂ ಇಲ್ಲ, ಎರಡನೇ ವರ್ಷ ಒಂದೋ ಎರಡೋ, ಮೂರನೇ ವರ್ಷದಿಂದ ಸರಿಯಾಗಿ ಶುರು. ಕಿತ್ತು ಬೇರೆ ಕಡೆ ಇಟ್ರೆ ಮತ್ತೆ ಮೊದಲಿಂದ ಲೆಕ್ಕ. ಹಾಗಾಗಿ ಬಾಡಿಗೆ ಮನೇಲಿರೋರಿಗೆ, ಎರಡು ವರ್ಷಕ್ಕೊಂದ್ಸಲ ಜಾಗ ಬದಲಾಯಿಸೋರಿಗೆ ನಾನು ಪಿಯೋನಿ ಹೇಳಲ್ಲ.

ನೆಡೋವಾಗ ಒಂದು ಮಾತು ನೆನಪಲ್ಲಿಟ್ಕೊಳ್ಳಿ, ಆಳ. ಅದರ ಬೇರಿನ ತಲೆ ಮೇಲೆ ಆಲೂಗೆಡ್ಡೆಗಿರೋ ಥರ ಕೆಂಪನೇ ಕಣ್ಣುಗಳಿರತ್ತೆ, ಆ ಕಣ್ಣುಗಳ ಮೇಲೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಮಣ್ಣು ಬೀಳಬಾರ್ದು. ನಾನು ಮೊದಲ್ನೇ ಸಲ ನೆಟ್ಟಾಗ ಆಳವಾಗಿ ಹೂತ್ರೆ ಚಳಿಗೆ ಒಳ್ಳೇದು ಅನ್ಕೊಂಡು ಒಂದು ಗೇಣು ಕೆಳಗೆ ಇಟ್ಟೆ, ನಾಲ್ಕು ವರ್ಷ ದಟ್ಟ ಹಸಿರು ಎಲೆ ಬಂತು, ಒಂದೇ ಒಂದು ಮೊಗ್ಗಿಲ್ಲ. ಐದನೇ ವರ್ಷ ಚಳಿಗಾಲಕ್ಕೆ ಮುಂಚೆ ಅಗೆದು ಮೇಲೆತ್ತಿ ಕೂರಿಸಿದೆ, ಅದಾದ ಎರಡು ವರ್ಷಕ್ಕೆ ಮೊದಲ ಹೂ. ಆರು ವರ್ಷ ಕಾದ ಮೇಲೆ ಬಂದ ಆ ಹೂವನ್ನ ಕೀಳೋಕೆ ಮನಸ್ಸೇ ಬರ್ಲಿಲ್ಲ.

ಪಿಯೋನಿ ಮೊಗ್ಗನ್ನ ಹತ್ರದಿಂದ ನೋಡಿದ್ದೀರಾ? ನೆಲ್ಲಿಕಾಯಿ ಗಾತ್ರ ಆದಾಗ ಅದರ ಹಸಿರು ಸಿಪ್ಪೆ ಅಂಚಲ್ಲಿ ಅಂಟಂಟಾಗಿ ಸಿಹಿ ರಸ ಹನಿ ಕಟ್ಟತ್ತೆ, ಬೆಳಗ್ಗೆ ಬಿಸಿಲಿಗೆ ಅದು ಗಾಜಿನ ಮಣಿ ಥರ ಹೊಳೀತಿರತ್ತೆ, ಇರುವೆಗಳು ಸಾಲಾಗಿ ಬಂದು ಒಂದೊಂದು ಹನಿ ಮುಂದೆ ತಲೆ ಬಗ್ಗಿಸಿ ನಿಂತ್ಕೊಂಡಿರತ್ವೆ. ಇರುವೆ ಇಲ್ದಿದ್ರೆ ಮೊಗ್ಗು ಬಿರಿಯಲ್ಲ ಅಂತ ಹೇಳೋರಿದ್ದಾರೆ, ಅದು ಸುಳ್ಳು. ಇರುವೆ ಹಾಳು ಮಾಡತ್ತೆ ಅನ್ನೋದೂ ಸುಳ್ಳು. ಅವು ರಸಕ್ಕೆ ಬಂದಿರತ್ವೆ ಅಷ್ಟೇ, ಔಷಧಿ ಹೊಡೀಬೇಡಿ.

ಹೂ ಬಿಟ್ಟಾಗ ನಿಜವಾದ ತೊಂದ್ರೆ ಮಳೆ. ಒಂದು ಜೋರು ಮಳೆ ಬಂದ್ರೆ ಸಾಕು, ಡಬಲ್ ಹೂಗಳ, ಅಂದ್ರೆ ಸುತ್ತು ಸುತ್ತಾಗಿ ಒತ್ತಾಗಿ ಎಸಳಿರೋ ಹೂಗಳ, ಎಸಳಲ್ಲಿ ನೀರು ತುಂಬಿ ಇಡೀ ಗಿಡ ನೆಲಕ್ಕೆ ಮಲಗಿಬಿಡತ್ತೆ. ಚಿಗುರು ಒಂದು ಅಡಿ ಇರೋವಾಗ್ಲೇ ಸುತ್ತ ರಿಂಗ್ ಸಪೋರ್ಟ್ ಕೊಡ್ಬೇಕು, ಬಿದ್ದ ಮೇಲೆ ಕಟ್ಟೋಕೆ ಹೋದ್ರೆ ದಂಟು ಮುರಿಯತ್ತೆ. ಈ ತಲೆನೋವು ಬೇಡ ಅನ್ನೋರು ಒಂದೇ ಸುತ್ತು ಎಸಳಿರೋ ಸಿಂಗಲ್ ಜಾತಿ ತಗೊಳ್ಳಿ, ಇಲ್ಲಾ ಇಟೋ ಪಿಯೋನಿ ನೋಡಿ. ಇಟೋ ಅಂದ್ರೆ ಜಪಾನಿನ ಟೋಯಿಚಿ ಇಟೋ ಅನ್ನೋರು 1948ರಲ್ಲಿ ಮರದ ಥರ ಗಟ್ಟಿ ಕಾಂಡ ಇರೋ ಟ್ರೀ ಪಿಯೋನಿನೂ ಸಾಮಾನ್ಯ ಪಿಯೋನಿನೂ ಸೇರಿಸಿ ಮಾಡಿದ ತಳಿ, ಪಾಪ ಅವ್ರು ಅದು ಹೂ ಬಿಡೋದನ್ನ ನೋಡೋಕೆ ಮುಂಚೇನೇ ತೀರಿಕೊಂಡ್ರು. ಅದರ ದಂಟು ಗಟ್ಟಿ, ಊರುಗೋಲು ಬೇಡ, ಹಳದಿ ಬಣ್ಣಾನೂ ಸಿಗತ್ತೆ.

ಹೂ ಉದುರಿದ ಮೇಲೆ? ಇಲ್ಲೇ ಪಿಯೋನಿ ಗೆಲ್ಲೋದು. ಎಲೆ ಚಳಿ ಶುರುವಾಗೋ ತನಕ ದಟ್ಟ ಹಸಿರು, ಒಂದು ಚಿಕ್ಕ ಪೊದೆ ಥರ ಅಚ್ಚುಕಟ್ಟಾಗಿರತ್ತೆ, ಕೊನೇಲಿ ಕೆಂಪು ತಾಮ್ರದ ಬಣ್ಣಕ್ಕೆ ತಿರುಗತ್ತೆ. ಮಡಿಯಲ್ಲಿ ಖಾಲಿ ಜಾಗ ಕಾಣಲ್ಲ.

ಈಗ ಐರಿಸ್. ಇದು ಬೇಗ ಕೊಡೋ ಗಿಡ, ನೆಟ್ಟ ಮುಂದಿನ ವಸಂತಕ್ಕೇ ಹೂ ಸಿಗೋ ಸಾಧ್ಯತೆ ಜಾಸ್ತಿ. ಇದರ ಗೆಡ್ಡೆ ಶುಂಠಿ ಥರ ಅಡ್ಡಡ್ಡ ಹರಿಯತ್ತೆ, ಅದನ್ನ ಹೂಳಬಾರ್ದು, ಬೆನ್ನು ಮಣ್ಣಿನ ಮೇಲೆ ಕಾಣೋ ಹಾಗೆ ಇಡ್ಬೇಕು, ಬಿಸಿಲು ಅದರ ಬೆನ್ನಿಗೆ ಬೀಳ್ಬೇಕು. ಮುಚ್ಚಿಟ್ರೆ, ಅಥವಾ ನೀರು ನಿಲ್ಲೋ ಕಡೆ ಇಟ್ರೆ, ಗೆಡ್ಡೆ ಮೆತ್ತಗಾಗಿ ಕೆಟ್ಟ ವಾಸನೆ ಬಂದು ಕೊಳೆಯತ್ತೆ. ಮಳೆ ಕಮ್ಮಿ, ಮಣ್ಣು ಬೇಗ ಬಸಿಯೋ ಜಾಗ ನಿಮ್ದಾದ್ರೆ ಪಿಯೋನಿಗಿಂತ ಐರಿಸ್ಸೇ ಸರಿ. ಬಿಸಿ ಮತ್ತು ತೇವ ಎರಡೂ ಇರೋ ಊರಲ್ಲಿ ಐರಿಸ್ ಕಷ್ಟ.

ಒಂದೊಂದು ಹೂ ಎರಡು ಮೂರು ದಿನಾನೇ ಬಾಳೋದು, ಆದ್ರೆ ಒಂದು ದಂಟಲ್ಲಿ ಹಲವು ಮೊಗ್ಗು ಇರೋದ್ರಿಂದ ಒಂದರ ಹಿಂದೆ ಒಂದು ಬಂದು ಎರಡು ವಾರದ ತನಕ ಎಳೀಬಹುದು. ಬಾಡಿದ್ದನ್ನ ದಿನಾ ಬೆಳಗ್ಗೆ ಚಿವುಟಿ ತೆಗೀಬೇಕು, ಅದು ಒದ್ದೆ ಬಟ್ಟೆ ಥರ ಮುದುಡಿ ಮುಂದಿನ ಮೊಗ್ಗಿಗೆ ಅಂಟ್ಕೊಳತ್ತೆ. ಮೂರು ಎಸಳು ಮೇಲಕ್ಕೆ, ಮೂರು ಕೆಳಕ್ಕೆ, ಕೆಳಗಿನದ್ದರ ಮಧ್ಯೆ ಬ್ರಷ್ ಥರ ಗಡ್ಡ, ಜೇನಿಗೆ ದಾರಿ ತೋರ್ಸೋಕೆ. ಬಣ್ಣಗಳಂತೂ ಲೆಕ್ಕಕ್ಕಿಲ್ಲ, ಅಪ್ಪಟ ಕೆಂಪೊಂದು ಬಿಟ್ಟು. ಹೆಸರೇ ಗ್ರೀಕರ ಕಾಮನಬಿಲ್ಲಿನ ದೇವತೇದು.

ಆದ್ರೆ ಐರಿಸ್‌ನ ಉಳಿದ ಹನ್ನೊಂದು ತಿಂಗಳು ನನ್ಗೆ ಅಷ್ಟು ಹಿಡಿಸಲ್ಲ, ಅದನ್ನ ಮುಚ್ಚಿಡಲ್ಲ. ಕತ್ತಿ ಥರದ ಎಲೆ ಬೇಸಿಗೆ ಮಧ್ಯಕ್ಕೆ ಚುಕ್ಕೆ ಬಿದ್ದು ತುದಿ ಒಣಗಿ ಸುಸ್ತಾದ ಹಾಗೆ ಕಾಣತ್ತೆ, ಅದರ ಮುಂದೆ ಬೇರೆ ಗಿಡ ಇಟ್ಟು ಮರೆ ಮಾಡೋಣ ಅಂದ್ರೆ ಗೆಡ್ಡೆಗೆ ನೆರಳಾಗಿ ಹೂ ಕಮ್ಮಿ ಆಗತ್ತೆ. ಜೊತೆಗೆ 3-4 ವರ್ಷಕ್ಕೊಂದ್ಸಲ ಅಗೆದು, ಹಳೇ ಮಧ್ಯ ಭಾಗ ಬಿಸಾಕಿ, ಹೊಸ ತುಂಡುಗಳನ್ನ ಬೇರೆ ಮಾಡಿ ನೆಡ್ಬೇಕು, ಇಲ್ಲಾಂದ್ರೆ ಒತ್ತಾಗಿ ಹೂ ನಿಲ್ಲತ್ತೆ. ಇದನ್ನ ಕೆಲಸ ಅನ್ನೋರೂ ಇದ್ದಾರೆ, ನನ್ಗೆ ಇದು ಐರಿಸ್‌ನ ದೊಡ್ಡ ಗುಣ ಅನ್ಸತ್ತೆ, ಒಂದು ಗೆಡ್ಡೆ ಮೂರು ವರ್ಷಕ್ಕೆ ಎಂಟ್ಹತ್ತು ಆಗಿ, ಅಕ್ಕಪಕ್ಕದವ್ರಿಗೆಲ್ಲ ಹಂಚೋಕೆ ಸಿಗತ್ತೆ. ಪಿಯೋನಿಯನ್ನ ಆ ಥರ ಹಂಚೋಕೆ ಜೀವ ಒಪ್ಪಲ್ಲ.

ಒಟ್ಟಲ್ಲಿ ಸ್ವಂತ ಜಾಗ, ಒಳ್ಳೇ ಮಣ್ಣು, ಕಾಯೋ ಮನಸ್ಸು ಇದ್ರೆ ಪಿಯೋನಿ. ಒಣ ಜಾಗ, ಬೇಗ ಹೂ ಬೇಕು, ಮುಂದೆ ಜಾಗ ಬದಲಾಗಬಹುದು ಅಂದ್ರೆ ಐರಿಸ್.

ಒಂದೇ ಗಿಡಕ್ಕೆ ಜಾಗ ಇದ್ರೆ

ಆಗ ಇವೆರಡೂ ಬೇಡ, ಗುಲಾಬಿ ಹಾಕಿ. ಗುಲಾಬಿ ಎಲ್ಲರ ಮನೇಲೂ ಇರತ್ತೆ ಅಂತ ತಾತ್ಸಾರ ಮಾಡೋರನ್ನ ನೋಡಿದ್ದೀನಿ, ಆದ್ರೆ ದಿನಗಳ ಲೆಕ್ಕ ಹಾಕಿ ನೋಡಿ. ಮರಳಿ ಮರಳಿ ಬಿಡೋ ಈಗಿನ ಗುಲಾಬಿ ಜಾತಿಗಳು ವಸಂತದ ಕೊನೇಲಿ ಮೊದಲ ದೊಡ್ಡ ಸುತ್ತು ಕೊಟ್ಟು, ಬಾಡಿದ ಹೂನ ಕೆಳಗಿನ ಗಟ್ಟಿ ಎಲೆ ತನಕ ಕತ್ತರಿಸ್ತಾ ಬಂದ್ರೆ ಸುಮಾರು 6 ವಾರಕ್ಕೆ ಇನ್ನೊಂದು ಸುತ್ತು, ಆಮೇಲೆ ಮತ್ತೊಂದು, ಚಳಿ ಬೀಳೋ ತನಕ. ತಗೊಳ್ಳೋವಾಗ ಮಾತ್ರ ಕೇಳಿ ತಗೊಳ್ಳಿ, ಹಳೇ ಕಾಲದ ಜಾತಿಗಳಲ್ಲಿ ಹೆಚ್ಚಿನವು ವರ್ಷಕ್ಕೊಂದೇ ಸಲ ಬಿಡೋವು. ಅವುಗಳ ಪರಿಮಳ ಅಪರೂಪದ್ದು, ಆದ್ರೆ ಒಂದೇ ಗಿಡಕ್ಕೆ ಜಾಗ ಇರೋರಿಗಲ್ಲ. ನೀರನ್ನ ಬುಡಕ್ಕೇ ಹಾಕಿ, ಎಲೆ ಮೇಲೆ ಸುರೀಬೇಡಿ, ಒದ್ದೆ ಎಲೇಲೇ ಕಪ್ಪು ಚುಕ್ಕೆ ರೋಗ ಹಬ್ಬೋದು.

ಗೋಡೆ ಅಥವಾ ಬೇಲಿ ಮಾತ್ರ ಇದೆ, ನೆಲ ಇಲ್ಲ ಅನ್ನೋರಿಗೆ ಕ್ಲೆಮಟಿಸ್ ಬಳ್ಳಿ. ಇದನ್ನ ನೆಡೋದು ಪಿಯೋನಿಗೆ ಪೂರ್ತಿ ಉಲ್ಟಾ, ಪಾಟ್‌ನಲ್ಲಿದ್ದದ್ದಕ್ಕಿಂತ 5-8 ಸೆಂಟಿಮೀಟರ್ ಆಳಕ್ಕೆ ಇಳಿಸ್ಬೇಕು, ಯಾಕಂದ್ರೆ ವಿಲ್ಟ್ ಅನ್ನೋ ಬಾಡು ರೋಗ ಬಂದು ಮೇಲಿನ ಬಳ್ಳಿ ಪೂರ್ತಿ ಸತ್ರೂ ಮಣ್ಣೊಳಗಿನ ಮೊಗ್ಗಿಂದ ಮತ್ತೆ ಚಿಗುರತ್ತೆ. ಬುಡಕ್ಕೆ ನೆರಳು, ತಲೆಗೆ ಬಿಸಿಲು. ಎಲೆ ತೊಟ್ಟಲ್ಲೇ ಸುತ್ತಿ ಹತ್ತೋದ್ರಿಂದ ದಪ್ಪ ಕಂಬ ಕೊಟ್ರೆ ಹಿಡಿಯೋಕಾಗಲ್ಲ, ತೆಳು ತಂತಿ ಅಥವಾ ಬಲೆ ಬೇಕು. ಇದನ್ನ ಸವರೋದು ಮೂರು ಗುಂಪಾಗಿ, ವಸಂತದ ಶುರುವಲ್ಲಿ ಬಿಡೋವನ್ನ ಹೂ ಮುಗಿದ ಮೇಲೆ, ವಸಂತದ ಕೊನೇಲಿ ದೊಡ್ಡ ಹೂ ಬಿಡೋವನ್ನ ಚಳಿ ಮುಗೀತಿದ್ದಂಗೆ ಒಣಗಿದ್ದು ಮಾತ್ರ ಹಗುರವಾಗಿ, ಬೇಸಿಗೇಲಿ ಬಿಡೋವನ್ನ ಬುಡದ ತನಕ. ನಿಮ್ಮದು ಯಾವ ಗುಂಪು ಅಂತ ಗೊತ್ತಿಲ್ದೇ ಕತ್ತರಿ ಹಾಕಿದ್ರೆ ಆ ವರ್ಷದ ಹೂ ಹೋಯ್ತು ಅಂತಾನೇ.

ಪಾಪಿ: ಆಸೆ ಪಡೋ ಮುಂಚೆ ಯೋಚ್ನೆ ಮಾಡಿ

ಓರಿಯೆಂಟಲ್ ಪಾಪಿ ಹೂ ಅಂಗೈ ಅಗಲ ಇರತ್ತೆ, ಕಿತ್ತಳೆ ಕೆಂಪು, ಬುಡದಲ್ಲಿ ಕಪ್ಪು ಮಚ್ಚೆ, ಎಸಳು ಇಸ್ತ್ರಿ ಮಾಡದ ರೇಷ್ಮೆ ಥರ ನೆರಿಗೆ ನೆರಿಗೆ. ನೋಡಿದ್ರೆ ಬಿಟ್ಟು ಬರೋಕಾಗಲ್ಲ. ಆದ್ರೆ ಹೂ ಮುಗಿದ ಕೆಲವೇ ವಾರಕ್ಕೆ ಎಲೆಯೆಲ್ಲ ಹಳದಿಯಾಗಿ ಗಿಡ ಮಾಯ ಆಗತ್ತೆ. ಸತ್ತಿಲ್ಲ, ಬೇಸಿಗೆಗೆ ಮಲಗಿದೆ. ಅದು ಗೊತ್ತಿಲ್ದೇ ಆ ಜಾಗ ಅಗೆದು ಬೇರೆ ನೆಟ್ಟು ಗಿಡ ಕಳ್ಕೊಂಡವ್ರು ತುಂಬಾ ಜನ. ಇದರ ಬೇರು ಉದ್ದಕ್ಕೆ ಕೆಳಗಿಳಿಯೋದ್ರಿಂದ ಕಿತ್ತು ನೆಡೋದನ್ನೂ ಸಹಿಸಲ್ಲ. ಪಕ್ಕದಲ್ಲಿ ತಡವಾಗಿ ಹರಡ್ಕೊಳ್ಳೋ ಇನ್ನೊಂದು ಗಿಡ ಇದ್ರೆ ಮಾತ್ರ ಪಾಪಿ ಹಾಕಿ, ಚಿಕ್ಕ ಮಡೀಲಿ ಇದೊಂದೇ ಬೇಡ.

ಅಲಿಯಂ ಇದೇ ಥರ, ಈರುಳ್ಳಿ ಕುಟುಂಬದ ನೇರಳೆ ಚೆಂಡು, ಹೂ ಬಿರಿಯೋ ಹೊತ್ತಿಗೇ ಎಲೆ ಒಣಗಿರತ್ತೆ. ಆದ್ರೆ ಇದಕ್ಕೆ ಜಾಗ ಬೇಕಾಗೋದೇ ಇಲ್ಲ, ಬೇರೆ ಗಿಡಗಳ ನಡುವೆ ದಂಟು ಮೇಲೆ ಬಂದು ನಿಲ್ಲತ್ತೆ, ಒಣಗಿದ ಚೆಂಡೂ ಚೆನ್ನಾಗಿರತ್ತೆ, ಜಿಂಕೆ ಮೊಲ ಮುಟ್ಟಲ್ಲ. ಚಳಿಗೆ ಮುಂಚೆ ಗೆಡ್ಡೆ ಹೂತಿಟ್ಟು ಮರೆತುಬಿಡಿ.

ನೆರಳು ಜಾಗ: ಕೊಲಂಬೈನ್, ಫಾಕ್ಸ್‌ಗ್ಲವ್

ಅರ್ಧ ನೆರಳಿರೋ ತೋಟದವ್ರು ಪಿಯೋನಿ ಗುಲಾಬಿ ಆಸೆ ಬಿಟ್ಟು ಇವೆರಡರ ಕಡೆ ಬನ್ನಿ. ಎರಡೂ ಬೀಜ ಉದುರಿಸಿ ತಾವಾಗೇ ಹುಟ್ಕೊಳತ್ವೆ, ಒಂದ್ಸಲ ಬಂದ್ರೆ ತೋಟ ಬಿಟ್ಟು ಹೋಗಲ್ಲ.

ಕೊಲಂಬೈನ್ ಚಿಕ್ಕದು, ಹೂವಿನ ಹಿಂದೆ ಬಾಲಗಳಿರತ್ತೆ, ಆ ಬಾಲದ ತುದೀಲಿ ಮಕರಂದ. ಒಂದು ಗಿಡ 3-4 ವರ್ಷ ಇದ್ದು ಹೋಗತ್ತೆ, ಅಷ್ಟರಲ್ಲಿ ಸುತ್ತ ಮರಿಗಳಿರತ್ವೆ, ಮರಿಗಳ ಬಣ್ಣ ತಾಯೀದೇ ಇರತ್ತೆ ಅನ್ನೋಕಾಗಲ್ಲ, ಪಕ್ಕದ ಜಾತಿ ಜೊತೆ ಸುಲಭವಾಗಿ ಬೆರೆಯತ್ತೆ. ಎಲೆ ಮೇಲೆ ಬಿಳಿ ಗೀಟು ಗೀಟು ರಂಗೋಲಿ ಕಂಡ್ರೆ ಅದು ಲೀಫ್ ಮೈನರ್ ಹುಳ, ಹೂ ಮುಗಿದ ಮೇಲೆ ಎಲೆ ಪೂರ್ತಿ ಕತ್ತರಿಸಿಬಿಡಿ, ಹೊಸಾದು ಬರತ್ತೆ.

ಫಾಕ್ಸ್‌ಗ್ಲವ್‌ಗೆ ಎರಡು ವರ್ಷದ ಬಾಳು, ಮೊದಲ ವರ್ಷ ನೆಲಕ್ಕಂಟಿದ ಎಲೆ ಗುಚ್ಛ, ಎರಡನೇ ವರ್ಷ ಆಳುದ್ದ ದಂಟು, ಕೆಳಗಿಂದ ಮೇಲಕ್ಕೆ ಗಂಟೆ ಆಕಾರದ ಹೂಗಳು ಒಂದೊಂದಾಗಿ ಬಿಚ್ಕೊಳ್ತಾ ಹೋಗತ್ವೆ. ಒಂದು ಹೂವಿನ ಒಳಗೆ ಬಗ್ಗಿ ನೋಡಿ, ಕಡು ಕೆಂಪು ಚುಕ್ಕೆ, ಪ್ರತಿ ಚುಕ್ಕೆ ಸುತ್ತ ಬಿಳಿ ಉಂಗುರ, ದಪ್ಪ ದುಂಬಿ ಒಳಗೆ ಹೋದ್ರೆ ಇಡೀ ಹೂ ಗುಂಯ್ ಅಂತ ನಡುಗತ್ತೆ. ಪ್ರತೀ ವರ್ಷ ಹೂ ಬೇಕಂದ್ರೆ ಎರಡು ವರ್ಷ ಸತತವಾಗಿ ಬೀಜ ಹಾಕಿ. ಆದ್ರೆ ಎಲೆ, ಹೂ, ಬೀಜ ಎಲ್ಲಾನೂ ವಿಷ, ನೇರ ಹೃದಯಕ್ಕೆ ಹೋಗೋ ವಿಷ. 1785ರಲ್ಲಿ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ವಿದರಿಂಗ್ ಇದನ್ನ ಔಷಧಿಯಾಗಿ ಹೇಗೆ ಕೊಡೋದು ಅಂತ ಬರೆದ್ರು, ಡಿಜಿಟಾಲಿಸ್ ಅಂತ ಹೃದಯದ ಮದ್ದು ಬಂದಿದ್ದು ಇದರಿಂದಾನೇ, ಮದ್ದಿಗೂ ವಿಷಕ್ಕೂ ಇಲ್ಲಿ ಅಂತರ ತುಂಬಾ ಕಮ್ಮಿ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋ ಮಕ್ಕಳಿರೋ ಮನೇಲಿ ಇದು ಬೇಡವೇ ಬೇಡ, ಕೊಲಂಬೈನ್ ಸಾಕು, ಅದರ ಬೀಜಾನೂ ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳಿ.

ಲ್ಯೂಪಿನ್ ಬಗ್ಗೆ ತುಂಬಾ ಜನ ಕೇಳ್ತಾರೆ. ತಂಪು ಬೇಸಿಗೆ, ಸ್ವಲ್ಪ ಹುಳಿ ಮಣ್ಣು ಇದ್ರೆ ಅದ್ಭುತ, ಬೇರಲ್ಲಿ ನೈಟ್ರೋಜನ್ ಕಟ್ಟಿಕೊಳ್ಳೋದ್ರಿಂದ ಗೊಬ್ಬರಾನೂ ಕೇಳಲ್ಲ. ಬೇಸಿಗೆ ಸುಡೋ ಕಡೆ ಗಿಡಹೇನು ಹತ್ತಿ ಕೆಲವೇ ದಿನಕ್ಕೆ ಮುಗಿದು ಹೋಗತ್ತೆ. ಅಂಥ ಕಡೆ ಬಿಡಿ.

ಚಳಿ ಬೀಳದ ಊರಿನವ್ರಿಗೆ

ಇಲ್ಲಿ ನನ್ನ ಮೊದಲ ಓಟು ಫುಟ್‌ಬಾಲ್ ಲಿಲ್ಲಿಗೆ, ಮೇ ಫ್ಲವರ್ ಅಂತಾನೂ ಕರೀತಾರೆ. ಆಫ್ರಿಕಾ ಮೂಲದ ಗೆಡ್ಡೆ, ವರ್ಷಕ್ಕೊಂದೇ ಸಲ, ಒಣ ಮಣ್ಣಿಂದ ದಪ್ಪ ದಂಟು ಎದ್ದು ತುದೀಲಿ ಕೆಂಪು ಚೆಂಡು ಬಿಚ್ಕೊಳತ್ತೆ, ಒಂದು ಚೆಂಡಲ್ಲಿ 200ರ ತನಕ ಪುಟ್ಟ ಪುಟ್ಟ ಹೂ ಇರಬಹುದು. ಹೂ ಒಂದು ವಾರ, ಹತ್ತು ದಿನ. ಆಮೇಲೆ ಅಗಲ ಹಸಿರು ಎಲೆ ಬಂದು ಅದೇ ಒಂದು ಅಂದ. ತಂಪು ತಿಂಗಳಲ್ಲಿ ಎಲೆ ಒಣಗಿದಾಗ ನೀರು ನಿಲ್ಲಿಸಿಬಿಡಿ, ಸತ್ತೋಯ್ತು ಅಂತ ಇನ್ನೂ ನೀರು ಹಾಕೋರೇ ಗೆಡ್ಡೆ ಕೊಳೆಸೋದು. ಪಾಟ್‌ನಲ್ಲೂ ಆಗತ್ತೆ, ಒತ್ತಾಗಿದ್ರೂ ತೊಂದ್ರೆ ಇಲ್ಲ.

ಹೆಚ್ಚು ದಿನ ಹೂ ಬೇಕಂದ್ರೆ ಡೇ ಲಿಲ್ಲಿ. ಹೂ ಒಂದೇ ದಿನಾನೇ, ಬೆಳಗ್ಗೆ ಅರಳಿ ರಾತ್ರಿ ಮುದುಡತ್ತೆ, ಆದ್ರೆ ದಂಟು ತುಂಬಾ ಮೊಗ್ಗು ಸಾಲುಗಟ್ಟಿರೋದ್ರಿಂದ ವಾರಗಟ್ಟಲೆ ದಿನಾ ಹೊಸದು. ಬಿಸಿ ಊರಿಗೆ ಎವರ್‌ಗ್ರೀನ್ ಜಾತಿ ತಗೊಳ್ಳಿ. ಮನೇಲಿ ಬೆಕ್ಕಿದ್ರೆ ಮಾತ್ರ ಖಂಡಿತ ಬೇಡ, ಎಲೆ ಅಗಿದ್ರೂ, ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗತ್ತೆ, ನಿಜವಾದ ಲಿಲ್ಲಿಗಳೂ ಹಾಗೇ.

ಪರಿಮಳಕ್ಕೆ ಗಾರ್ಡೀನಿಯಾ ಅಥವಾ ಮಲ್ಲಿಗೆ? ಕಣ್ಮುಚ್ಚಿ ಮಲ್ಲಿಗೆ ಅಂತೀನಿ. ಗಾರ್ಡೀನಿಯಾಗೆ ಪಿಎಚ್ 6ಕ್ಕಿಂತ ಕಮ್ಮಿ ಇರೋ ಹುಳಿ ಮಣ್ಣು ಬೇಕು, ಇಲ್ಲಾ ಅಂದ್ರೆ ಕಬ್ಬಿಣ ಸಿಗದೇ ಎಲೆ ಹಳದಿ ಆಗತ್ತೆ, ಪಾಟ್ ಜಾಗ ಬದಲಾಯಿಸಿದ್ರೆ, ನೀರು ಒಂದಿನ ಹೆಚ್ಚು ಕಮ್ಮಿ ಆದ್ರೆ ಮೊಗ್ಗು ಉದುರಿಸಿಬಿಡತ್ತೆ. ಮಲ್ಲಿಗೆ ಚೆನ್ನಾಗಿ ಸವರಿ, ಬಿಸಿಲಿಗಿಟ್ಟು, ಗೊಬ್ಬರ ಕೊಟ್ರೆ ಹೊಸ ಚಿಗುರಿನ ತುದಿ ತುದೀಲಿ ಮೊಗ್ಗು ಕೊಡತ್ತೆ.

ಯಾವಾಗ ನೆಡೋದು

ಹೂ ನೋಡೋ ಕಾಲ ಬೇರೆ, ನೆಡೋ ಕಾಲ ಬೇರೆ. ಈಗ ಅರಳಿರೋದನ್ನ ನೋಡಿ ಜಾತಿ, ಬಣ್ಣ ಆರಿಸ್ಕೊಳ್ಳಿ, ಬರೆದಿಟ್ಕೊಳ್ಳಿ. ಐರಿಸ್ ಗೆಡ್ಡೆ ನೆಡೋದು ಹೂ ಮುಗಿದು ಒಂದೂವರೆ ಎರಡು ತಿಂಗಳಾದ ಮೇಲೆ, ಬೇಸಿಗೆ ಇಳಿಯೋ ಹೊತ್ತಿಗೆ. ಪಿಯೋನಿ, ಅಲಿಯಂ ಚಳಿಗೆ ಮುಂಚೆ. ಪಾಟ್‌ನಲ್ಲಿರೋ ಗುಲಾಬಿ, ಕ್ಲೆಮಟಿಸ್ ಯಾವಾಗ ಬೇಕಾದ್ರೂ ಆಗತ್ತೆ, ಸುಡು ಬಿಸಿಲೊಂದು ಬಿಟ್ಟು.

ಐರಿಸ್ ಇರೋರು ಈ ವಾರಾನೇ ಇನ್ನೊಂದು ಕೆಲಸ ಮಾಡಿ, ಹೂ ಇರೋವಾಗ್ಲೇ ಪ್ರತಿ ಗಿಡದ ಬುಡಕ್ಕೆ ಆ ಬಣ್ಣದ ಉಣ್ಣೆ ದಾರ ಕಟ್ಟಿ, ನೇರಳೆಗೆ ನೇರಳೆ, ಹಳದಿಗೆ ಹಳದಿ. ಹೂ ಹೋದ ಮೇಲೆ ಎಲ್ಲಾ ಎಲೆಗಳೂ ಒಂದೇ ಥರ, ಅಗೆದು ಹಂಚೋ ದಿನ ಯಾವುದು ಯಾವ ಬಣ್ಣ ಅಂತ ಹೇಳೋದು ಆ ದಾರ ಒಂದೇ.